ನಾನು ಹಾಕಿಸಿದ ಚಿಲಕ

ಹೋದ ತಿಂಗಳು ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ಮೂವರು ರಾಯಬಾಗದ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಇಪ್ಪತ್ತಾರು ವರ್ಷ ಮನೆಭೇಟಿ ಕಾರ್ಯಕರ್ತನಾಗಿ ದುಡಿದವನು, ನಾಲ್ಕು ಅನುಭವದ ಮಾತು ಹೇಳಿಯಾನು ಎಂದು. ಚಹಾ ಕೊಟ್ಟೆ. ಯಾವ ಊರಿಗೆ ಯಾವ ಬಸ್ಸು, ಎಲ್ಲಿ ನಾಯಿಗಳ ಕಾಟ, ಎಲ್ಲಿ ಮಳೆಗಾಲಕ್ಕೆ ತೋಟದ ದಾರಿ ಕೆಸರಾಗುತ್ತದೆ, ಇಷ್ಟು ಹೇಳಿದೆ. ಅದನ್ನೇ ಬರೆದುಕೊಂಡರು. ಹೋಗುವಾಗ ಒಬ್ಬಳು ನಮಸ್ಕಾರ ಮಾಡಲು ಬಗ್ಗಿದಳು. ಅವಳ ಕೈ ಬಂದದ್ದು ಊರಿ ನಡೆಯಲು ಕಬ್ಬಿಣದ ಕ್ಯಾಲಿಪರ್ ಕಟ್ಟಿದ ನನ್ನ ಎಡಗಾಲಿಗೆ. ನಾನು ಸರಕ್ಕನೆ ಹಿಂದಕ್ಕೆ ಸರಿದೆ. ಹುಡುಗಿ ಗಾಬರಿಯಾದಳು. ಕಾರಣ ಹೇಳಲಿಲ್ಲ.

ಆ ಕಾರಣವನ್ನೇ ಈಗ ಬರೆಯುತ್ತಿದ್ದೇನೆ. ದಿಗ್ಗೇವಾಡಿಯ ಒಂದು ಮನೆಯಲ್ಲಿ ಒಬ್ಬ ತಾಯಿ ತನ್ನ ಮಗಳಿಗಾಗಿ ಸಂಜೆಯ ಒಂದು ತಾಸನ್ನು ಕಟ್ಟಿಕೊಟ್ಟಿದ್ದಳು. ಅದನ್ನು ನಾನು ಕಿತ್ತುಕೊಂಡೆ. ಆ ಮಗುವಿನ ಒಂದು ಕಣ್ಣೂ ಹೋಯಿತು. ಆಮೇಲೆ ನಾನು ಸುಳ್ಳು ಹೇಳಿದೆ. ನೀವು ಈ ಕೆಲಸಕ್ಕೆ ಸೇರಿದ್ದೀರಿ, ನಿಮಗೆ ಇದು ತಿಳಿದಿರಬೇಕು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಂಗವಿಕಲರ ಮನೆಗೆ ಹೋಗಿ ಮಾತಾಡಲು ಅಂಗವಿಕಲನೇ ಇದ್ದರೆ ಜನ ನಂಬುತ್ತಾರೆ ಎಂದು ಸಂಸ್ಥೆಯವರು ನನ್ನನ್ನು ತೆಗೆದುಕೊಂಡರು. ಕಚೇರಿ ಚಿಕ್ಕೋಡಿಯಲ್ಲಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಹಳ್ಳಿಗಳು ನನ್ನ ತಿರುಗಾಟಕ್ಕೆ. ಮೊದಲು ಬಸ್ಸು, ಟಂಟಂ ಆಟೋ. ಕೊನೆಯ ವರ್ಷಗಳಲ್ಲಿ ಹಿಂದೆ ಎರಡು ಗಾಲಿ ಕೂಡಿಸಿದ ಸ್ಕೂಟರು. ನಾನು ಸೇರಿದಾಗ ಫಾರಂನಲ್ಲಿ ಆಟಿಸಂ ಎಂಬ ಕಾಲಮ್ಮೇ ಇರಲಿಲ್ಲ. ಕಣ್ಣು, ಕಿವಿ, ಕೈಕಾಲು, ಬುದ್ಧಿಮಾಂದ್ಯ, ಇಷ್ಟೇ. ಮಾತಾಡದ ಮಗು, ಕಣ್ಣಲ್ಲಿ ಕಣ್ಣಿಟ್ಟು ನೋಡದ ಮಗು, ಒಂದೇ ಆಟವನ್ನು ದಿನವಿಡೀ ಆಡುವ ಮಗು ಕಂಡರೆ ಬುದ್ಧಿಮಾಂದ್ಯಕ್ಕೆ ಗುರುತು ಹಾಕಿ ಮುಂದಿನ ಊರಿಗೆ ಹೋಗುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ತರಬೇತಿಗಳು ಬಂದವು, ಆ ಶಬ್ದ ಬಂತು. ಶಬ್ದ ಕಲಿತೆ, ಅಷ್ಟೇ.

ನನ್ನ ಹತ್ತಿರ ಬೇರೊಂದು ಬಂಡವಾಳವಿತ್ತು. ಅದು ನನ್ನದೇ ಕಥೆ. ಎರಡು ವರ್ಷದವನಿದ್ದಾಗ ಪೋಲಿಯೋ ಆಯಿತು. ಆರನೇ ವರ್ಷದವರೆಗೆ ಕೈಯೂರಿ ಅಂಡು ಎಳೆಯುತ್ತ ಓಡಾಡುತ್ತಿದ್ದೆ. ಅಪ್ಪ ಹಳ್ಳದ ದಂಡೆಯ ಉಸುಕಿನಲ್ಲಿ ಕುಣಿ ತೋಡಿ ನನ್ನನ್ನು ಸೊಂಟದವರೆಗೆ ಹುಗಿದು ನಿಲ್ಲಿಸುತ್ತಿದ್ದ. ಕಾಲಿಗೆ ಬಲ ಬರುತ್ತದೆಂದು ಆಗ ಬಹಳ ಜನ ಹೀಗೆ ಮಾಡುತ್ತಿದ್ದರು. ಪ್ರತಿ ಮನೆಯಲ್ಲೂ ಇದನ್ನು ಹೇಳುತ್ತಿದ್ದೆ. "ನಾ ಚೀರತಿದ್ನಿ, ಅಳತಿದ್ನಿ. ನಮ್ಮಪ್ಪ ತಗೀಲಿಲ್ಲ. ಅದಕ್ಕ ಇವತ್ತ ನಿಮ್ಮ ಮನಿಮಟಾ ನಡಕೋತ ಬಂದೀನಿ. ಮಕ್ಕಳ ಅಳೂಕ ಕರಗಬ್ಯಾಡ್ರಿ." ಹೇಳಿ ಮೊಳಕಾಲ ಹತ್ತಿರದ ಕ್ಯಾಲಿಪರ್ ಕೊಂಡಿಯನ್ನು ಟಕ್ಕೆಂದು ಬಡಿಯುತ್ತಿದ್ದೆ. ಮುದುಕಿಯರು ಕೈ ಮುಗಿಯುತ್ತಿದ್ದರು.

ಆ ಕಥೆಯಲ್ಲಿ ಒಂದು ಸಂಗತಿಯನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ. ಅದು ಮುಂದೆ ಬರುತ್ತದೆ.

ನನಗೆ ಕಲಿಸಿದವರು ಇರಲಿಲ್ಲ ಎನ್ನುವ ಹಾಗಿಲ್ಲ. ನಿಪ್ಪಾಣಿಯಲ್ಲಿ ಸುರೇಖಾ ಎಂಬ ಬೀಡಿ ಕಟ್ಟುವ ಹೆಂಗಸಿದ್ದಳು. ಅವಳ ಮಗನಿಗೆ ಒಂಬತ್ತು ವರ್ಷ, ಮಾತಿಲ್ಲ. ಮುಂದೇನಾಗುತ್ತದೆ ಎಂದು ಗೊತ್ತಾಗದಿದ್ದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದ. ಒಂದು ದಿನ ಹೋದಾಗ ನೋಡಿದೆ, ಗೋಡೆಗೆ ಸಾಲಾಗಿ ಮೊಳೆ ಹೊಡೆದು ಒಂದಕ್ಕೆ ಜಳಕದ ಚೆಂಬು, ಒಂದಕ್ಕೆ ತಾಟು, ಒಂದಕ್ಕೆ ಚಪ್ಪಲಿ, ಒಂದಕ್ಕೆ ತಲೆದಿಂಬು ತೂಗುಹಾಕಿದ್ದಾಳೆ. ಹುಡುಗ ಚೆಂಬು ತೆಗೆದುಕೊಂಡು ಬಚ್ಚಲಿಗೆ ಹೋದ. ಬಂದು ಅದನ್ನು ಎದುರು ಗೋಡೆಯ ಮೊಳೆಗೆ ಸಿಕ್ಕಿಸಿ ತಾಟು ತೆಗೆದುಕೊಂಡ.

"ಇದೇನ ಸುರೇಖಾಬಾಯಿ, ಮನ್ಯಾಗ ಭಾಂಡಿ ಅಂಗಡಿ ಹಾಕೀರಿ?" ಎಂದು ನಕ್ಕೆ.

ಅವಳು ತೊಡೆಯ ಮೇಲಿನ ಮೊರದಿಂದ ಕಣ್ಣೆತ್ತಲಿಲ್ಲ. "ಅಂವಗ ನಾಳೆ ಅನ್ನೂದು ಕಾಣಸೂದಿಲ್ಲ ಸರ್. ಕೈಯಾಗ ಹಿಡಕೊಳ್ಳೂ ಹಂಗ ಮಾಡಿ ಕೊಟ್ಟೀನಿ" ಎಂದಳು.

ಎರಡು ವರ್ಷದ ನಂತರ ಚಿಕ್ಕೋಡಿಯ ತರಬೇತಿಗೆ ದೂರದೂರಿಂದ ಬಂದ ತಜ್ಞರೊಬ್ಬರು ಪರದೆಯ ಮೇಲೆ ಅದನ್ನೇ ತೋರಿಸಿದರು. ಆಟಿಸಂ ಇರುವ ಮಗುವಿಗೆ ದಿನದ ಕೆಲಸಗಳನ್ನು ವಸ್ತುಗಳಿಂದ, ಚಿತ್ರಗಳಿಂದ ಸಾಲಾಗಿ ತೋರಿಸಬೇಕಂತೆ. ನಾನು ಎದ್ದು ನಿಂತು, "ಸರ್, ಇದನ್ನು ನಾನು ನಿಪ್ಪಾಣಿಯಲ್ಲಿ ಮಾಡಿಸಿದ್ದೇನೆ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸುರೇಖಾಳ ಹೆಸರು ನನ್ನ ಬಾಯಲ್ಲಿ ಬರಲಿಲ್ಲ.

ಆಮೇಲೆ ಕಚೇರಿಗೆ ಅಚ್ಚು ಹಾಕಿದ ಚಿತ್ರದ ಕಾರ್ಡುಗಳು ಬಂದವು. ಮನೆಮನೆಗೆ ಹಂಚಿದೆ. ಅಥಣಿ ಕಡೆಯ ಅನಂತಪುರದಲ್ಲಿ ಒಂದು ಮನೆಯಲ್ಲಿ ಊಟದ ಕಾರ್ಡು ತೋರಿಸಿದ ದಿನದಿಂದ ಹುಡುಗ ನೆಲಕ್ಕೆ ಕುಳಿತು ಉಣ್ಣುವುದನ್ನೇ ಬಿಟ್ಟ. ಕಾರ್ಡಿನಲ್ಲಿ ಮೇಜು, ಕುರ್ಚಿ, ನೀಲಿ ತಾಟು ಇದ್ದವು. ಮನೆಯಲ್ಲಿದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಕುಳಿತು ಎದುರಿಗೆ ಮೇಜು ಬರಲೆಂದು ಕಾಯುತ್ತಿದ್ದ. ಅವನ ಅಜ್ಜ ನನ್ನನ್ನು ಅಗಸಿಯಲ್ಲೇ ತಡೆದು, "ಬರ್ರಿ ಸಾಹೇಬ್ರ. ನಿಮ್ಮ ಚಿತ್ರಾ ನೋಡಿ ನಮ್ಮ ಮೊಮ್ಮಗಾ ಕಲೆಕ್ಟರ್ ಆಗ್ಯಾನ. ಇನ್ನ ಟೇಬಲ್ ಯಾವಾಗ ಕಳಸ್ತೀರಿ?" ಎಂದ. ಅಜ್ಜನೇ ಎರಡು ದಿನ ತಲೆ ಕೆಡಿಸಿಕೊಂಡು ಮೊಮ್ಮಗನ ಸ್ಟೀಲ್ ತಾಟನ್ನೇ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದ ಮೇಲೆ ಹುಡುಗ ಉಂಡ. ನಾನು ವರದಿಯಲ್ಲಿ ಬರೆದದ್ದು, 'ಕಾರ್ಡು ಪದ್ಧತಿ ಯಶಸ್ವಿ.'

ಹೀಗೆ ಮನೆಯವರು ನನಗೆ ಮೇಲಿಂದ ಮೇಲೆ ದಾರಿ ತೋರಿಸಿದರು. ನಾನು ಅದನ್ನು ವರದಿಗೆ ಹಾಕಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಇಂಥವನು ದಿಗ್ಗೇವಾಡಿಯ ಆ ಮನೆಗೆ ಹೋದದ್ದು.

ಕೃಷ್ಣೆಯ ದಂಡೆಗೆ ಸಮೀಪ ಕಬ್ಬಿನ ನಡುವೆ ಒಂದು ತೋಟದ ಮನೆ. ಜೈನರು. ಗಂಡ ಭರತ, ಹೆಂಡತಿ ಸುಜಾತಾ, ಭರತನ ತಾಯಿ. ಮಗಳು ತ್ರಿಶಲಾಗೆ ಎಂಟು ವರ್ಷ, ಆಟಿಸಂ. ಆಗೊಂದು ಈಗೊಂದು ಶಬ್ದ ಬಿಟ್ಟರೆ ಮಾತಿಲ್ಲ. ನದಿಯಿಂದ ತೋಟಕ್ಕೆ ನೀರೆತ್ತುವ ದಪ್ಪ ಕಬ್ಬಿಣದ ಪೈಪೊಂದು ದಂಡೆಯ ಮೇಲೆ ಹಾದು ಬರುತ್ತದೆ. ಪಂಪು ನಡೆಯುವಾಗ ಆ ಪೈಪು ಗುಂಯ್ಯೆಂದು ನಡುಗುತ್ತದೆ. ತ್ರಿಶಲಾ ಎರಡೂ ಅಂಗೈ, ಆಮೇಲೆ ಕೆನ್ನೆ ಅದಕ್ಕೆ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ದಿನವಿಡೀ ಮೈಯಲ್ಲಿ ಕುದಿಯುತ್ತಿದ್ದದ್ದು ಅಲ್ಲಿ ಇಳಿದುಹೋಗುತ್ತಿತ್ತು. ಸುಜಾತಾ ದಿನಾ ಸಂಜೆ ನಾಲ್ಕೂವರೆಗೆ ಕೈ ಹಿಡಿದು ಕರೆದೊಯ್ಯುತ್ತಿದ್ದಳು. ಮನೆಗೆ ಬಂದು ಕಾಲು ತೊಳೆದು, ಹೊತ್ತು ಮುಳುಗುವುದರೊಳಗೆ ಮನೆಮಂದಿಯ ಜೊತೆ ಊಟ. ರಾತ್ರಿ ಒಲೆ ಹಚ್ಚದ ಮನೆ ಅದು. ಉಂಡ ಮಗು ಮಲಗಿದರೆ ಬೆಳಗಿನವರೆಗೆ ನಿದ್ದೆ.

ಪಂಪಿನ ಕರೆಂಟು ಕೆಲವು ಸಂಜೆ ಇರುತ್ತಿತ್ತು, ಕೆಲವು ಸಂಜೆ ಇರುತ್ತಿರಲಿಲ್ಲ. ಅದಕ್ಕೆ ಸುಜಾತಾ ಹೊಸ್ತಿಲ ಪಕ್ಕ ಒಂದು ತಾಮ್ರದ ತಂಬಿಗೆ ಇಟ್ಟಿದ್ದಳು. ತಂಬಿಗೆ ನೆಟ್ಟಗಿದ್ದರೆ ಇಂದು ಪೈಪಿಗೆ ಹೋಗುವುದು. ಡಬ್ಬು ಹಾಕಿ ಬೋರಲಿಟ್ಟಿದ್ದರೆ ಪಡಸಾಲೆಯ ಜೋಕಾಲಿ. ಮಗು ತಂಬಿಗೆ ನೋಡಿ ಅದರಂತೆ ನಡೆಯುತ್ತಿತ್ತು. ಅಳುವಿಲ್ಲ, ಕೂಗಾಟವಿಲ್ಲ.

"ದಿನಾ ಹಿಂಗ ಏನ್ರಿ?" ಎಂದು ಕೇಳಿದೆ.

ಅಜ್ಜಿ ನಕ್ಕಳು. "ನಮ್ಮ ಮನ್ಯಾಗ ಹೊತ್ತು ಮುಣಗಸೂದು ಸೂರ್ಯಾನ ಕೈಯಾಗ ಇಲ್ರಿ ಸರ್. ತ್ರಿಶಲಾನ ಕೈಯಾಗ ಐತಿ. ಈಕಿ ಪೈಪ್ ಮುಟ್ಟಿ ಬಂದ್ರನ ನಮಗೆಲ್ಲಾ ಊಟಾ."

ನಾನು ನಗಲಿಲ್ಲ. ನನ್ನ ಚೀಲದಲ್ಲಿ ಹೊಸ ಫಾರಂ ಇತ್ತು. 'ಹಠದ ವರ್ತನೆ' ಎಂಬ ಕಾಲಮ್ಮು ಅದರಲ್ಲಿತ್ತು. ಮೂರು ತಿಂಗಳಲ್ಲಿ ಬದಲಾವಣೆ ಕಾಣುವಂಥ ಒಂದು ಮನೆ ಬೇಕೆಂದು ನಮ್ಮ ಸಂಯೋಜಕರು ಎರಡು ಸಭೆಗಳಲ್ಲಿ ಹೇಳಿದ್ದರು. ಮನೆಮಂದಿಯೆಲ್ಲ ಒಂದು ಮಗುವಿನ ತಾಳಕ್ಕೆ ಕುಣಿಯುತ್ತಿದ್ದಾರೆ ಎಂದು ನನಗೆ ಕಂಡಿತು. ಆ ಮನೆ ನಡೆಯುತ್ತಿದೆ ಎಂಬುದು ಕಾಣಲಿಲ್ಲ.

ಎರಡು ವಾರದ ಮೇಲೆ ಭರತ ಫೋನು ಮಾಡಿದ. ಹೋಗಿ ಕೇಳಿದರೆ, ಹಿಂದಿನ ದಿನ ಸುಜಾತಾ ಜ್ವರದಲ್ಲಿ ಮಲಗಿದ್ದಾಳೆ. ತಂಬಿಗೆ ಅದರ ಮುಂಚಿನ ಸಂಜೆಯಂತೆ ನೆಟ್ಟಗೇ ಇದ್ದಿದೆ. ನಾಲ್ಕೂವರೆಗೆ ಮಗು ಒಬ್ಬಳೇ ಹೊರಟುಹೋಗಿದ್ದಾಳೆ. ಎಲ್ಲ ಕಡೆ ಹುಡುಕಿ ಓಡಿಹೋಗಿ ನೋಡಿದರೆ, ಪೈಪಿಗೆ ಕೈ ಹಚ್ಚಿ ನಿಂತಿದ್ದಳು. ಅಲ್ಲಿಂದ ನೀರು ಇಪ್ಪತ್ತು ಹೆಜ್ಜೆ.

"ಹೊಳಿ ಐತ್ರಿ ಸರ್. ಇವತ್ತ ಪೈಪಿಗೆ ನಿಂತಾಳ, ನಾಳೆ ನೀರಾಗ ಇಳದ್ರ?" ಎಂದ ಭರತ. ಅವನ ಹೆದರಿಕೆ ಸುಳ್ಳಲ್ಲ. ಇಂಥ ಮಕ್ಕಳು ಮನೆಬಿಟ್ಟು ನೀರಿನ ಕಡೆ ಹೋಗುವುದು ನಿಜವಾದ ಅಪಾಯ. ನೀವೂ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಸುಜಾತಾ ಹೇಳಿದಳು, "ತಪ್ಪು ನನ್ನದ್ರಿ. ತಂಬಗಿ ಡಬ್ ಹಾಕಾಕ ಮರತ್ನಿ. ಅಕಿ ತಂಬಗಿ ಹೇಳಿದಂಗ ಮಾಡ್ಯಾಳ. ದಾರಿಗೆ ತಂತಿಬೇಲಿ ಹಾಕಸೂಣು, ಬಾಗಲಕ್ಕ ಎತ್ತಿನ ಗಂಟಿ ಕಟ್ಟತೇನಿ. ಅಕಿ ದಾಟಿದ್ರ ಗೊತ್ತಾಕ್ಕೈತಿ. ಜೋಡೀ ನಾ ಹೋಗೇ ಹೋಗತೇನ್ರಿ."

ಇದಕ್ಕಿಂತ ಒಳ್ಳೆಯ ಉಪಾಯವನ್ನು ಆಮೇಲೆ ಯಾವ ತರಬೇತಿಯಲ್ಲೂ ನಾನು ಕೇಳಲಿಲ್ಲ. ಆ ದಿನ ನಾನು ಹೇಳಿದ್ದು, "ಹಿಂಗ ತಾಯಿ ಮೆತ್ತಗಾಗಿದ್ದಕ್ಕ ಈ ಹಂತಕ್ಕ ಬಂದೇತಿ. ಪೈಪಿನ ಚಟಾನ ಬಿಡಸಬೇಕು. ನಾಕ ಗಂಟೇಕ ಖೋಲಿಯೊಳಗ ಬಿಟ್ಟು ಹೊರಗ ಚಿಲಕಾ ಹಾಕ್ರಿ. ನಾಕ ದಿನಾ ಅಳತಾಳ, ಐದನೇ ದಿನಾ ಬಿಡತಾಳ." ಆಮೇಲೆ ಉಸುಕಿನ ಕುಣಿಯ ಕಥೆ ಹೇಳಿದೆ. ಕೊಂಡಿ ಬಡಿದೆ. ಭರತ ತಲೆಯಾಡಿಸಿದ.

"ಅಕಿಗಿ ಕಾಲು ಬ್ಯಾನಿ ಅಲ್ರೀ ಸರ್," ಎಂದಳು ಸುಜಾತಾ.

"ನೀವು ಸುಮ್ಮನಿರ್ರಿ" ಎಂದೆ. ಮನೆಯ ಸೊಸೆಗೆ, ಅವಳ ಅತ್ತೆಯ ಎದುರಿಗೆ, ಅವಳ ಗಂಡನ ಎದುರಿಗೆ.

ಬಡಿಗೇರನನ್ನು ಕರೆಸಿ, ಪಕ್ಕದಲ್ಲಿ ನಿಂತು ಆ ಚಿಲಕ ಹಾಕಿಸಿದವನು ನಾನೇ. ಎಲ್ಲಿ ತಾಯಿ ಬಾಗಿಲು ತೆಗೆದುಬಿಡುತ್ತಾಳೋ ಎಂದು ಮೊದಲ ಎಂಟು ಸಂಜೆ ನಾನೇ ಹೋಗಿ ಪಡಸಾಲೆಯಲ್ಲಿ ಕಾವಲು ಮಾಡಿದೆ. ಕುಳಿತುಕೊಳ್ಳಲಾಗುತ್ತಿರಲಿಲ್ಲ. ಫರಸಿಕಲ್ಲಿನ ನೆಲದ ಮೇಲೆ ಅತ್ತಿಂದಿತ್ತ ಅಡ್ಡಾಡುತ್ತಿದ್ದೆ. ಒಳಗೆ ಹುಡುಗಿ ಹಣೆಯನ್ನು ಗೋಡೆಗೆ ಬಡಿಯುತ್ತಿದ್ದಳು. ಹೊರಗೆ ನನ್ನ ಕ್ಯಾಲಿಪರ್ ಟಕ್, ಟಕ್ ಅನ್ನುತ್ತಿತ್ತು. ಅಜ್ಜಿ ತಡೆಯಲಾರದೆ ಗೋಡೆಗೆ ಕೌದಿ ತೂಗುಬಿಟ್ಟಳು. ಮಗು ಕೌದಿ ಇಲ್ಲದ ಮೂಲೆಗೆ ಹೋಗಿ ಬಡಿದುಕೊಂಡಳು. ಮುಷ್ಟಿಯಿಂದ ಕಣ್ಣು ಗುದ್ದಿಕೊಂಡಳು. ಐದನೇ ದಿನ ನಿಲ್ಲಲಿಲ್ಲ. "ಇದು ಕಡೀ ಜೋರು. ಇನ್ನ ಇಳಿತೈತಿ" ಎಂದು ನಾನು ಹೇಳಿದೆ. ಅಡುಗೆಮನೆಯಲ್ಲಿ ಸುಜಾತಾ ರೊಟ್ಟಿ ಬಡಿಯುತ್ತಿದ್ದಳು. ಆ ದಿನಗಳಲ್ಲಿ ಅಷ್ಟು ರೊಟ್ಟಿ ಆ ಮನೆಗೆ ಬೇಕಾಗಿರಲಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಒಳಗಿನ ಸದ್ದು ನಿಂತಿತು. ಬಾಗಿಲು ತೆಗೆದರೆ ತ್ರಿಶಲಾ ಮೂಲೆಯಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಅಳುವಿಲ್ಲ, ಪೈಪಿನ ಕಡೆ ಹೋಗುವುದಿಲ್ಲ, ತಂಬಿಗೆ ನೋಡುವುದಿಲ್ಲ. ಹಠದ ವರ್ತನೆಯ ಕಾಲಮ್ಮಿನಲ್ಲಿ ಸೊನ್ನೆ ಬರೆದೆ. ಚಿಕ್ಕೋಡಿಯ ಸಭೆಯಲ್ಲಿ ಸಂಯೋಜಕರು, "ಮಾರುತಿಯವರಿಂದ ಕಲಿಯಿರಿ. ಕಡಿಮೆ ಓದಿದವರು, ಆದರೆ ಗಟ್ಟಿ ಮನಸ್ಸು" ಎಂದು ನನಗೆ ಶಾಲು ಹೊದಿಸಿದರು. ಅವರು ಕೆಟ್ಟವರಲ್ಲ. ಬಾಗಿಲ ಹೊರಗೆ ಅವರು ನಿಂತಿರಲಿಲ್ಲ, ನಾನು ನಿಂತಿದ್ದೆ.

ಮೂರು ತಿಂಗಳ ಮೇಲೆ ಹೋದಾಗ ಸುಜಾತಾ ಹೇಳಿದಳು, "ಸರ್, ಅಕಿ ತಾಟಿನ್ಯಾಗಿಂದು ಬಲಗಡಿದಷ್ಟ ಉಣ್ತಾಳ್ರಿ. ಎಡಗಡಿ ರೊಟ್ಟಿ ಹಂಗ ಉಳಿತೈತಿ. ನಡಿಬೇಕಾದ್ರ ಗ್ವಾಡಿಗೆ ಭುಜಾ ಹಚಗೊಂಡು ನಡಿತಾಳ."

"ಹಳೇ ಹಠ ಹೋತು. ಇದು ಹೊಸಾದು," ಎಂದೆ. "ತಾಟು ತಿರಿವಿ ಕೊಡಬ್ಯಾಡ್ರಿ. ಹಸಿದ್ರ ತಾನ ಉಣ್ತಾಳ."

ನನ್ನೆದುರಿಗೆ ಅವಳು ತಿರುವಲಿಲ್ಲ. ಆದರೆ ನಾನು ಅಂಗಳಕ್ಕೆ ಇಳಿದು ಹಿಂತಿರುಗಿ ನೋಡಿದಾಗ ತಾಟನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸುತ್ತಿದ್ದಳು. ಮಗು ಉಳಿದ ರೊಟ್ಟಿಯನ್ನೂ ತಿಂದಿತು. ಅದನ್ನು ಕಣ್ಣಾರೆ ಕಂಡೂ ನನಗೆ ಹೊಳೆಯಲಿಲ್ಲ. ತಾಯಿ ಮತ್ತೆ ಮೆತ್ತಗಾಗುತ್ತಿದ್ದಾಳೆ ಎಂದಷ್ಟೇ ಬರೆದುಕೊಂಡೆ.

ಆ ವರ್ಷ ಅಥಣಿಯ ಶಾಹೀನ್ ಎಂಬ ಹುಡುಗಿ ನಮ್ಮಲ್ಲಿ ಥೆರಪಿಸ್ಟ್ ಆಗಿ ಸೇರಿದಳು. ಅವಳಿಗೆ ನನ್ನ ಹೆಮ್ಮೆಯ ಮನೆಯೆಂದು ದಿಗ್ಗೇವಾಡಿಯನ್ನು ತೋರಿಸಲು ಕರೆದೊಯ್ದೆ. ಅವಳು ಹುಡುಗಿಯ ಮುಂದೆ ನೆಲದ ಮೇಲೆ ಕುಳಿತು ಒಂದು ಚಮಚವನ್ನು ಬಲಗಡೆಯಿಂದ ತಂದಳು. ತ್ರಿಶಲಾ ರೆಪ್ಪೆ ಹೊಡೆದಳು. ಎಡಗಡೆಯಿಂದ ತಂದಳು. ಕೆನ್ನೆಗೆ ತಾಗುವವರೆಗೂ ರೆಪ್ಪೆ ಅಲುಗಲಿಲ್ಲ.

"ಕಾಕಾ," ಎಂದು ಶಾಹೀನ್ ನನ್ನ ಕಡೆ ತಿರುಗಿದಳು, "ಈ ಹುಡಿಗಿಗಿ ಎಡಗಣ್ಣ ಕಾಣಸ್ತೈತೇನ್ರಿ?"

ಮರುದಿನವೇ ಕಾಗವಾಡದ ಮೇಲೆ ಹಾದು ಗಡಿಯಾಚೆಯ ಮಿರಜಿನ ಕಣ್ಣಿನ ದವಾಖಾನೆಗೆ ಹೋದೆವು. ಭರತ, ಸುಜಾತಾ, ಮಗು, ನಾನು. ಕಣ್ಣಿನ ಹಿಂದಿನ ಪರದೆ ಹರಿದು ಕಿತ್ತುಬಂದಿದೆ, ಬಹಳ ದಿನವಾಗಿದೆ, ಈಗ ಏನೂ ಮಾಡುವ ಹಾಗಿಲ್ಲ ಎಂದರು ಡಾಕ್ಟರು. ಬೇಗ ಬಂದಿದ್ದರೆ ಉಳಿಸಬಹುದಿತ್ತೇನೋ. ಆಮೇಲೆ ಕಾಗದದಿಂದ ತಲೆ ಎತ್ತದೆ ಮರಾಠಿಯಲ್ಲಿ ಕೇಳಿದರು, ಇವಳು ತಲೆ ಬಡಿದುಕೊಳ್ಳುತ್ತಾಳೆಯೇ, ಯಾವಾಗಿನಿಂದ?

ಸುಜಾತಾ ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನು ಹೇಳಿದೆ, "ಪಹಿಲ್ಯಾಪಾಸೂನಚ್." ಮೊದಲಿನಿಂದಲೂ.

ಡಾಕ್ಟರು ಬರೆದುಕೊಂಡರು. ನಾನು ಕಚೇರಿಗೆ ಬಂದು ನಮ್ಮ ಫೈಲಿನಲ್ಲಿಯೂ ಅದನ್ನೇ ಬರೆದೆ. ಮಗುವಿಗೆ ಮೊದಲಿನಿಂದ ತಲೆ ಬಡಿದುಕೊಳ್ಳುವ ಚಟ, ತಾಯಿಯ ನಿಗಾ ಸಾಲದು. ಎರಡೇ ಸಾಲು. ನಾನು ಚಿಲಕ ಹಾಕಿಸುವವರೆಗೆ ಆ ಹುಡುಗಿ ಒಂದು ಸಲವೂ ತಲೆ ಬಡಿದುಕೊಂಡವಳಲ್ಲ.

ಮಿರಜಿನಿಂದ ಬರುವಾಗ ಕಾಗವಾಡದಲ್ಲಿ ಚಹಾಕ್ಕೆಂದು ಗಾಡಿ ನಿಲ್ಲಿಸಿದೆವು. ಭರತ ಕೆಳಗಿಳಿದು ಹೋದ. ಸುಜಾತಾ ಮಗಳನ್ನು ಮಡಿಲಿಗೆ ಒರಗಿಸಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ನನ್ನ ಬೆನ್ನಿಗೆ ಹೇಳಿದಳು, "ಸರ್, ನನಗೂ ಮರಾಠಿ ಬರ್ತೈತ್ರಿ."

ಇಷ್ಟೇ. ನಾನು ತಿರುಗಿ ನೋಡಲಿಲ್ಲ.

ಆ ರಾತ್ರಿಯೇ ಅವಳು ಕಬ್ಬಿಣದ ಹಾರೆಯಿಂದ ಚಿಲಕವನ್ನು ಕಿತ್ತು ಬಾವಿಗೆ ಎಸೆದಳಂತೆ. ಇನ್ನು ಮುಂದೆ ಶಾಹೀನ್ ಒಬ್ಬಳೇ ಬರಲಿ ಎಂದು ಕಚೇರಿಗೆ ಹೇಳಿಕಳಿಸಿದಳು. ಭರತನ ಅಣ್ಣಂದಿರು ನಮ್ಮ ಫೈಲಿನ ಪ್ರತಿ ತರಿಸಿ ಓದಿ, ತಾಯಿಯಿಂದ ಆಗುವುದಿಲ್ಲ ಎಂದು ಸಂಸ್ಥೆಯವರೇ ಬರೆದಿದ್ದಾರೆ, ದೂರದ ವಸತಿ ಕೇಂದ್ರಕ್ಕೆ ಸೇರಿಸಿಬಿಡಿ ಎಂದು ಒಂದು ವರ್ಷ ಕಾಡಿದರು. ಅದಕ್ಕೆ ಅಡ್ಡ ನಿಂತವಳು ಅಜ್ಜಿ. ಆ ಮನೆಯಲ್ಲಿ ನಡೆದದ್ದನ್ನು ಕಂಡವಳು ಅವಳು. ಇದೆಲ್ಲ ನನಗೆ ಗೊತ್ತಾಗುತ್ತಿತ್ತು. ಎರಡು ಸಾಲು ಹೊಡೆದುಹಾಕಲು ಒಂದು ಪೆನ್ನು ಸಾಕಿತ್ತು. ನಾನು ಏನೂ ಮಾಡಲಿಲ್ಲ. ಇನ್ನೂ ಐದು ವರ್ಷ ಬೇರೆ ಊರುಗಳ ಮನೆಗಳಿಗೆ ಹೋದೆ. ಕುಣಿಯ ಕಥೆ ಹೇಳುವುದನ್ನು ಮಾತ್ರ ಬಿಟ್ಟೆ.

ಬಿಟ್ಟು ಹೇಳುತ್ತಿದ್ದ ಸಂಗತಿ ಇದು. ಅಪ್ಪ ನನ್ನನ್ನು ಹುಗಿದು ಹೊಲಕ್ಕೆ ಹೋಗುತ್ತಿದ್ದ. ಅವನ ಬೆನ್ನು ಮರೆಯಾದ ಕೂಡಲೇ ಅವ್ವ ಬಂದು ಎರಡೂ ಕೈಯಿಂದ ಉಸುಕು ತೋಡಿ ನನ್ನನ್ನು ತೆಗೆಯುತ್ತಿದ್ದಳು. ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಪ್ಪ ಬರುವ ಹೊತ್ತಿಗೆ ಮತ್ತೆ ನಿಲ್ಲಿಸಿ ಉಸುಕು ಎಳೆಯುತ್ತಿದ್ದಳು. ನಾನು ಕುಣಿಯಲ್ಲಿ ನಿಂತದ್ದು ದಿನಕ್ಕೆ ಕಾಲು ತಾಸು ಇದ್ದೀತು. ಆರನೇ ವರ್ಷ ಅವಳೇ ನನ್ನನ್ನು ಹೊತ್ತುಕೊಂಡು ಹೋಗಿ ಮಿರಜಿನಲ್ಲಿ ಕ್ಯಾಲಿಪರ್ ಹಾಕಿಸಿದಳು. ನಾನು ನಡೆದದ್ದು ಅದರಿಂದ. ಇದನ್ನು ನಾನು ಯಾವತ್ತೂ ಮರೆತಿರಲಿಲ್ಲ. ಆದರೆ ಅವ್ವನನ್ನು ಸೇರಿಸಿದರೆ ಕಥೆ ಮೆತ್ತಗಾಗುತ್ತಿತ್ತು. ಜನ ಕೈ ಮುಗಿಯುತ್ತಿರಲಿಲ್ಲ.

ನಿವೃತ್ತನಾದ ಮೇಲೆ, ಈ ವರ್ಷದ ಕಬ್ಬು ಕಡಿಯುವ ಮೊದಲು, ಒಂದು ಮಧ್ಯಾಹ್ನ ದಿಗ್ಗೇವಾಡಿಗೆ ಹೋದೆ. ಕ್ಷಮೆ ಕೇಳಬೇಕೆಂದು. ಹೊಳೆಯ ದಾರಿಗುಂಟ ತಂತಿಬೇಲಿ ಬಂದಿತ್ತು. ಗೇಟಿಗೆ ಎತ್ತಿನ ಗಂಟೆ ಕಟ್ಟಿದ್ದರು. ಗೇಟು ತಳ್ಳಿದೆ, ಗಂಟೆ ಸದ್ದಾಯಿತು. ಪಡಸಾಲೆಯ ಜೋಕಾಲಿಯಲ್ಲಿ ತ್ರಿಶಲಾ ಜೀಕುತ್ತಿದ್ದಳು. ಈಗ ಹದಿನೈದರ ಹುಡುಗಿ, ಎರಡು ಜಡೆ. ಗಂಟೆಯ ಸದ್ದಿಗೆ ಅವಳು ಜೀಕುವುದು ನಿಲ್ಲಲಿಲ್ಲ.

ನಾನು ಅಂಗಳದ ಫರಸಿಯ ಮೇಲೆ ಹೆಜ್ಜೆ ಇಟ್ಟೆ. ಟಕ್.

ಜೋಕಾಲಿ ನಿಂತಿತು. ಅವಳು ಇಳಿದಳು. ಯಾರನ್ನೂ ನೋಡಲಿಲ್ಲ. ನೆಟ್ಟಗೆ ಮೂಲೆಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತುಕೊಂಡಳು. ಚಿಲಕ ಹಾಕಿಸಿ ಏಳು ವರ್ಷವಾಗಿತ್ತು.

ಒಳಗಿಂದ ಬಂದ ಸುಜಾತಾ ಮೊದಲು ಮಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. "ಅಲ್ಲೇ ನಿಲ್ರಿ ಸರ್. ಕಾಲು ಎತ್ತಬ್ಯಾಡ್ರಿ."

ನಿಂತೆ. ಅವಳು ಹತ್ತಿರ ಬಂದಳು.

"ತಂಗೆವ್ವಾ, ನಂದು ತಪ್ಪಾತು," ಎಂದೆ. "ಮಾಪಿ ಕೇಳಾಕ ಬಂದೀನಿ."

"ಅದನ್ನ ತಗೊಂಡ ನಾ ಏನ ಮಾಡ್ಲಿ?" ದನಿ ಏರಲಿಲ್ಲ. "ನನ್ನ ಕೈಲೆ ಅದು ಆಗೂದಿಲ್ಲ ಬಿಡ್ರಿ. ಏನರ ಕೊಡಾಕ ಬಂದಿದ್ರ, ಒಂದ ಬರಕೊಡ್ರಿ. ಮಿರಜಿನ್ಯಾಗ ಹೇಳಿದ್ದು ಸುಳ್ಳಂತ. ಚಿಲಕಾ ಹಾಕಿದ ಮ್ಯಾಲೆ ಇದೆಲ್ಲಾ ಆತಂತ."

"ಎಲ್ಲಾರಿಗೂ ಗೊತ್ತೈತಲ್ಲವ್ವಾ ಈಗ."

"ನನಗ ಗೊತ್ತೈತಿ. ನಾ ಸತ್ತ ಮ್ಯಾಲೆ? ಈಕಿನ ನೋಡಾವ್ರು ಯಾರರ ಇರತಾರ. ಅವರು ನನ್ನ ಕೇಳಾಂಗಿಲ್ಲ, ಕಾಗದಾ ಓದತಾರ. ಸುಮ್ಮಸುಮ್ಮನ ತಲಿ ಹೊಡಕೊಳ್ಳೂ ಹುಡಿಗಿ ಅಂತ ತಿಳಕೊಂಡು ಮತ್ತ ಚಿಲಕಾ ಹಾಕ್ತಾರ. ಈಕಿಗಿ ಇನ್ನೊಂದ ಕಣ್ಣ ಐತ್ರಿ ಸರ್."

ಬರೆದುಕೊಡುತ್ತೇನೆ ಎಂದೆ. ಆ ಕಾಗದವನ್ನು ಕಚೇರಿಗೂ ಮಿರಜಿನ ದವಾಖಾನೆಗೂ ಕೊಟ್ಟಿದ್ದೇನೆ. ನೀವು ಓದುತ್ತಿರುವುದು ಅದರದೇ ಉದ್ದನೆಯ ಪ್ರತಿ. ದಿಗ್ಗೇವಾಡಿಯ ಆ ಫೈಲು ಯಾವತ್ತಾದರೂ ನಿಮ್ಮ ಕೈಗೆ ಬಂದರೆ ನನ್ನ ಅಕ್ಷರದ ಆ ಎರಡು ಸಾಲನ್ನು ನಂಬಬೇಡಿ. ಆ ತಾಯಿಯನ್ನು ಕೇಳಿ. ಅವಳಿಲ್ಲದಿದ್ದರೆ ಹೊಸ್ತಿಲಲ್ಲಿ ತಂಬಿಗೆ ಇದೆಯೇ ನೋಡಿ.

ಅದು ಆ ದಿನವೂ ಇತ್ತು. ನೆಟ್ಟಗೆ. ನಾಲ್ಕೂವರೆ ಆಗುತ್ತ ಬಂದಿತ್ತು. ಸುಜಾತಾ ನನ್ನ ತಲೆಯ ಮೇಲಿಂದ ಹೊತ್ತನ್ನು ನೋಡುತ್ತಿದ್ದಳು. ನಾನು ಹೋಗದೆ ಹುಡುಗಿ ಗೋಡೆ ಬಿಡುವುದಿಲ್ಲ. ನಾನು ಹೋಗಬೇಕೆಂದರೆ ಗೇಟಿನವರೆಗೆ ಹನ್ನೆರಡು ಹೆಜ್ಜೆ ಫರಸಿ. ಒಂದೊಂದು ಹೆಜ್ಜೆಗೂ ಆ ಸದ್ದು.

ಅಲ್ಲೇ ಕುಳಿತೆ. ಧೋತರ ಸರಿಸಿ, ತೊಡೆಯ ಪಟ್ಟಿ, ಮೊಳಕಾಲ ಪಟ್ಟಿ ಬಿಚ್ಚಿ ಕ್ಯಾಲಿಪರ್ ತೆಗೆದೆ. ಅದನ್ನು ಟಾವೆಲಿನಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ಎರಡೂ ಕೈ ನೆಲಕ್ಕೆ ಊರಿ, ಆರು ವರ್ಷದವರೆಗೆ ಓಡಾಡುತ್ತಿದ್ದಂತೆ, ಅಂಡು ಎಳೆಯುತ್ತ ಹೊರಟೆ. ಅರವತ್ತಮೂರು ವರ್ಷದ ಮೈ. ಸುಜಾತಾ ಕೈ ಹಿಡಿಯಲಿಲ್ಲ, ಬೇಡ ಎನ್ನಲೂ ಇಲ್ಲ. ಮುಂದೆ ಹೋಗಿ ಗೇಟು ತೆರೆದು ಹಿಡಿದಳು. ನಾನು ದಾಟಿದ ಮೇಲೆ ಹಾಕಿಕೊಂಡಳು.

ಕಬ್ಬಿನ ಬದುವಿಗೆ ಒರಗಿ ಕುಳಿತೆ. ಸ್ವಲ್ಪ ಹೊತ್ತಿಗೆ ಗಂಟೆ ಸದ್ದಾಯಿತು. ತಾಯಿ ಮಗಳು ಹೊರಬಂದರು. ಸುಜಾತಾ ಮಗಳ ಎಡಗಡೆಗೆ ನಡೆಯುತ್ತಿದ್ದಳು, ಕಾಣದ ಕಡೆಗೆ. ನನ್ನಿಂದ ಹತ್ತು ಹೆಜ್ಜೆಯ ಅಂತರದಲ್ಲಿ ಹಾದುಹೋದರು. ತ್ರಿಶಲಾ ಗಂಟಲಲ್ಲಿ ಪಂಪಿನಂತೆ ಗುಂಯ್ಯೆನ್ನುತ್ತಿದ್ದಳು.

ಅವರು ದಂಡೆ ಮುಟ್ಟುವವರೆಗೂ ಕ್ಯಾಲಿಪರ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಅಲ್ಲಿ ಪಂಪಿನ ಸದ್ದಿರುತ್ತದೆ, ನನ್ನ ಕಾಲಿನ ಸದ್ದು ಅಲ್ಲಿಗೆ ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ಪಟ್ಟಿ ಕಟ್ಟಿಕೊಂಡು ಎದ್ದೆ.